ಬೀರವ್ವನ ಅರ್ಧ ಹಾಡು

ಸೊಲ್ಲಾಪುರ, ೭ ಮಾರ್ಚ್ ೧೯೯೯, ರವಿವಾರ

ಇವತ್ತೂ ಹ್ಯಾಂಗ್. ವಿಂಡೋಸ್, ಲಿನಕ್ಸ್ ಎರಡೂ ಹಂಚಿಕೊಂಡಿರುವ ಡಿಸ್ಕಿನ ಆ ಭಾಗವನ್ನು ಓದುತ್ತ ಓದುತ್ತ ನಡುವೆಯೇ ಕಂಪ್ಯೂಟರ್ ನಿಂತುಬಿಡುತ್ತದೆ. ಜನಪದ ಹಾಡುಗಾರ್ತಿ ಬೀರವ್ವನಿಂದ ನಾನು ಧ್ವನಿಮುದ್ರಿಸಿಕೊಂಡ, ಕುರುಬರ ದೇವರು ಬೀರೋಬನ ಹಾಡು ಇರುವುದು ಅಲ್ಲೇ. ಅದನ್ನು ಕಂಪ್ಯೂಟರಿಗೆ ತುಂಬಿಕೊಂಡು ಕ್ಯಾಸೆಟ್ ಅಳಿಸಿಬಿಟ್ಟಿದ್ದೆ.

ತನ್ನ ದನಿ ಕೇಳಲು ಬೀರವ್ವ ಇವತ್ತು ತನ್ನೂರು ಹನ್ನೂರಿನಿಂದ ಬಂದಿದ್ದಳು. ಕಂಪ್ಯೂಟರಿನಲ್ಲಿ ಹಾಕಿದ ಹಾಡು ನಡುವೆ ಕಡಿಯಿತು. “ದೇವರ ಹಾಡ ಅರ್ಧಕ್ಕ ಬಿಡಬಾರದ್ರಿ ಸರ” ಎಂದು ಉಳಿದದ್ದನ್ನು ತಾನೇ ಹಾಡಿ ಮುಗಿಸಿದಳು. ಲಿನಕ್ಸ್‌ನಲ್ಲಿ ನೋಡಿದೆ, ಕೇಬಲ್ ಬದಲಿಸಿದೆ, ಡಿಸ್ಕ್ ತಪಾಸಣೆ ಮಾಡಿಸಿದೆ. ಪ್ರತಿ ಸಲವೂ ಹಾಡು ಕಡಿಯಿತು, ಪ್ರತಿ ಸಲವೂ ಅವಳು ಮುಗಿಸಿದಳು. ಸಂಜೆಗೆ ಹಾಡಿ ಹಾಡಿ ಅವಳ ದನಿಯೇ ಹೋಯಿತು.

“ಈ ಡಬ್ಬಿ ಮುಂದ ಇನ್ನ ಹಾಡಂಗಿಲ್ರಿ” ಎಂದು ಪಿಸುಗುಟ್ಟಿ, ಊರ ದಾರಿಯ ಅಕ್ಕಲಕೋಟದ ಬಸ್ಸು ಹತ್ತಿದಳು.

ಆ ಖಾಲಿ ಕ್ಯಾಸೆಟ್ ದಿನವಿಡೀ ಟೇಪ್ ರೆಕಾರ್ಡರಿನಲ್ಲಿ, ನನ್ನ ಕೈಯಳತೆಯಲ್ಲೇ ಇತ್ತು. ಅವಳು ಹಾಡುವಾಗ ರೆಕಾರ್ಡ್ ಗುಂಡಿ ಒತ್ತಬೇಕೆಂದು ಒಮ್ಮೆಯಾದರೂ ಹೊಳೆಯಬಾರದೇ.