ನಲವತ್ತೊಂದನೇ ಜಾಯಿಂಟ್

ಮಾರ್ಚ್ ೩, ಬೆಳಿಗ್ಗೆ ೬.೩೦

ಇವತ್ತು ಹೊಸ ಕಾಂಕ್ರೀಟ್ ರಸ್ತೆಯಲ್ಲಿ ಹನ್ನೆರಡು ಜಾಯಿಂಟ್ ಅಳೆಯಬೇಕು, ಸ್ಲ್ಯಾಬಿಗೂ ಸ್ಲ್ಯಾಬಿಗೂ ನಡುವಿನ ಸೀಳುಗಳು. ಮೆಷಿನ್ ಒಂದು ಸ್ಲ್ಯಾಬಿನ ಮೇಲೆ ಧೊಪ್ಪೆಂದು ಭಾರ ಬಿಡುತ್ತದೆ, ಪಕ್ಕದ್ದು ಎಷ್ಟು ತಗ್ಗಿತೆಂದು ನಾನು ಬರೆದುಕೊಳ್ಳುತ್ತೇನೆ. ನಡುವೆ ಹುದುಗಿರುವ ಕಂಬಿಗಳು ಭಾರವನ್ನು ಆಚೆಗೂ ದಾಟಿಸಬೇಕು. ಕೂದಲೆಳೆಯಷ್ಟು ಅಲುಗಾಟ. ಆದರೂ ಚಪ್ಪಲಿ ಬಿಟ್ಟು ನಿಂತರೆ ಅಂಗಾಲಿಗೆ ಏನೋ ತಿಳಿದಂತೆ... ರಸ್ತೆ ನಿದ್ದೆಯಲ್ಲಿ ಉಸಿರಾಡುತ್ತಿದೆ ಅನ್ನಿಸುತ್ತದೆ. ಇದೇ ರಸ್ತೆಯಲ್ಲಿ ಕೆಲಸ ಮಾಡುವ ಅಣ್ಣನಿಗೆ ಹೇಳಿದೆ. ತಿಂಡಿ ತಿನ್ನದೆ ಬಂದರೆ ಹಾಗೇ ಅನ್ನಿಸೋದು ಅಂದ.

ಮಾರ್ಚ್ ೪, ಬೆಳಿಗ್ಗೆ ೭

ನಲವತ್ತೊಂದು ಕೈಕೊಟ್ಟಿತು. ಈ ಕಡೆ ನೂರು ತಗ್ಗಿದರೆ ಆ ಕಡೆ ಇಪ್ಪತ್ತೆಂಟು. ಎಪ್ಪತ್ತೈದಾದರೂ ಬೇಕು. ಮೂರು ಸಲ ಅಳೆದೆ. ಕಂಬಿ ಪತ್ತೆ ಮಾಡುವ ಯಂತ್ರ ಆಡಿಸಿ ನೋಡಿದೆ, ಜಾಯಿಂಟ್ ಕೆಳಗೆ ಕಂಬಿಯೇ ಇಲ್ಲ. ಇರುವುದು ಒಂದು ಮೊಳ ಆಚೆ. ಕಾಂಕ್ರೀಟ್ ಸುರಿದ ಮೇಲೆ ಕಂಬಿ ಕಾಣುವುದಿಲ್ಲ. ಸುರಿಯುವ ಮೊದಲೇ ಕಂಬಿಯ ನೇರಕ್ಕೆ ಅಂಚಿನಲ್ಲಿ ಹಾಕಿದ ಕೆಂಪು ಗುರುತು ನೋಡಿ ಕಟರ್ ಓಡಿಸಿ ಜಾಯಿಂಟ್ ಸೀಳುತ್ತಾರೆ. ಗುರುತು ಹಾಕುವುದು ಅಣ್ಣ. ಇಪ್ಪತ್ತೆರಡು ವರ್ಷದಿಂದ ಅವನೇ.

ಮೊನ್ನೆ ಊಟಕ್ಕೆ ಕೂತಾಗ ಲೋಟದ ಪಕ್ಕಕ್ಕೆ ನೀರು ಸುರಿದ. ನಕ್ಕಿದ್ದೆ.

ಮಧ್ಯಾಹ್ನ ೨.೩೦

ಬಿಸಿಲಿಗೆ ಸ್ಲ್ಯಾಬುಗಳು ಹಿಗ್ಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಗ ಕಂಬಿ ಇಲ್ಲದ ಜಾಯಿಂಟೂ ಮೀಟರಿನಲ್ಲಿ ಸಾಚಾ. ಗೊತ್ತಿದ್ದೇ ಹೋದೆ. ಎಂಬತ್ತೊಂದು. ಪಾಸ್. ರಿಪೋರ್ಟಿನಲ್ಲಿ ಗಂಟೆ ಬರೆಯುವ ಜಾಗ ಖಾಲಿ ಬಿಟ್ಟೆ. ಟ್ಯಾಂಕರ್ ನೆರಳಲ್ಲಿ ಕಣ್ಣು ಹತ್ತಿತು. ಕನಸಿನಲ್ಲಿ ರಸ್ತೆ ಮೆಲ್ಲಗೆ ಮಗ್ಗುಲು ಬದಲಿಸುತ್ತಿತ್ತು...

ಮಾರ್ಚ್ ೯

ರಿಪೋರ್ಟ್ ಇನ್ನೂ ಚೀಲದಲ್ಲೇ. ನಿಜ ಬರೆದರೆ ಅಣ್ಣನ ಕೈಯಿಂದ ಬ್ರಷ್ ಕಿತ್ತುಕೊಳ್ಳುತ್ತಾರೆ. ಬರೆಯದಿದ್ದರೆ ಲಾರಿಗಳು ಒಂದೇ ಅಂಚನ್ನು ತುಳಿದು ತುಳಿದು ಒಡೆಯುತ್ತವೆ. ಭಯವಾಗುತ್ತಿದೆ.

ಮಾರ್ಚ್ ೧೦, ಸಂಜೆ

ನಲವತ್ತೊಂದಕ್ಕೆ ಎಂಬತ್ತೊಂದು ಬಂದಿದೆ ಎಂದು ಅಣ್ಣನಿಗೆ ಹೇಳಿದೆ. ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ.

"ಎಷ್ಟು ಗಂಟೆಗೆ ಅಳೆದೆ?"

"ಎರಡಕ್ಕೆ."

"ಬೆಳಿಗ್ಗೇದು ಬರಿ. ಆರು ತಿಂಗಳಿಂದ ಎಲ್ಲಾ ಎರಡೆರಡು ಕಾಣುತ್ತೆ ಕಣೇ. ಅವತ್ತು ಕಂಬಿನೂ ಎರಡು ಕಡೆ ಕಾಣ್ತಿತ್ತು, ಒಂದನ್ನ ಆರಿಸ್ಕೊಂಡು ಗುರುತು ಹಾಕ್ದೆ."

ಯಾಕೆ ಹೇಳಲಿಲ್ಲ ಎಂದು ಅತ್ತುಬಿಟ್ಟೆ. ನಿನ್ನ ತಲೆಗೂ ಯಾಕೆ ಕಟ್ಟಲಿ ಅಂತ ಸುಮ್ಮನಿದ್ದನಂತೆ. ಅಣ್ಣನಂಥ ಪೆದ್ದ ಇನ್ನೊಬ್ಬನಿಲ್ಲ. ಇಪ್ಪತ್ತೆಂಟು ಬರೆದೆ, ಗಂಟೆ ಸಮೇತ.

ಮಾರ್ಚ್ ೨೧, ಬೆಳಿಗ್ಗೆ ೬

ಗುರುತಿನ ಕೆಲಸ ಈಗ ಬೇರೆಯವರದು. ಅಣ್ಣನಿಗೆ ನಾಡಿದ್ದು ಕಣ್ಣಿನ ಡಾಕ್ಟರು. ನಲವತ್ತೊಂದರಲ್ಲಿ ಅಡ್ಡಡ್ಡ ಕೊರೆದು ಕೂರಿಸಿದ ಹೊಸ ಕಂಬಿಗಳ ಸುತ್ತಲ ಗಾರೆ ಗಟ್ಟಿಯಾಗಿದೆ, ಇವತ್ತು ಅಳತೆ. ಯಾರೂ ಕರೆಯದಿದ್ದರೂ ಅಣ್ಣ ಬಂದಿದ್ದಾನೆ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಆಚೆ ಸ್ಲ್ಯಾಬಿನ ಮೇಲೆ ನಿಂತ. ಭಾರ ಬೀಳುವುದು ನನ್ನ ಕಡೆಗೆ. ಮೀಟರ್ ನೋಡಬೇಡ, ಮೊದಲು ನಾನು ಹೇಳ್ತೀನಿ ಅಂದ.

ಧೊಪ್.

"ಬಂತು ಕಣೇ. ಈ ಕಡೆಗೂ ಬಂತು."

ಮೀಟರ್ ಇನ್ನೂ ನೋಡಿಲ್ಲ. ಇದನ್ನು ಬರೆದು ಮುಗಿಸಿ ನೋಡೋಣ ಅಂತ —