ಕುಂದಗೋಳದ ಬಂಕ್ ದಾಟಿ ಹೋದ ಕಾರು

ಹುಬ್ಬಳ್ಳಿ, 2191, ಎರಡನೆಯ ಬೇಸಿಗೆಯ ಮೂವತ್ತೊಂಬತ್ತನೆಯ ದಿನ

ಗುರುಶಾಂತಪ್ಪ ಮಟ್ಟಿಯವರಿಗೆ,

ನೀವು ನನ್ನ ಅಜ್ಜನ ಮುತ್ತಜ್ಜ. ನಮ್ಮ ವರ್ಷಕ್ಕೆ ಎರಡು ಬೇಸಿಗೆ ಹೇಗೆ ಬಂದವು ಎಂದು ನೀವು ಕೇಳಬಹುದು. ನಿಮ್ಮ ಕಾಲದವರು ಕೊಟ್ಟು ಹೋದದ್ದು, ವಿವರಿಸುವ ತಾಳ್ಮೆ ನನಗಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳಿದ್ದರೆ ಕ್ಷಮಿಸಿ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ನಾನು ದನಿಕೋಠಿಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಕಾಲದ ಕಂಪನಿಗಳು ಧ್ವನಿಮುದ್ರಿಸಿಟ್ಟುಕೊಂಡ ಫೋನ್ ಕರೆಗಳನ್ನೆಲ್ಲ ಕೂಡಿಟ್ಟಿರುವ ಮನೆ ಅದು. ದಿನಾ ಎಳೆಬಂಡಿಯಲ್ಲಿ ಹೋಗಿಬರುತ್ತೇನೆ. ರಸ್ತೆಯೊಳಗಿನ ತಂತಿಯೇ ಎಳೆದುಕೊಂಡು ಹೋಗುವ ಬಂಡಿ. ಕಳೆದ ವಾರ ಕಿವಿಗೆ ಬಿದ್ದ ಒಂದು ದನಿ ಥೇಟ್ ನನ್ನ ಅಪ್ಪನದಾಗಿತ್ತು. ಹೆಸರು ನೋಡಿದೆ, ನಿಮ್ಮದು. ಕಾರು ಮಾರುವ ಅಂಗಡಿಯೊಂದರ ಸರ್ವಿಸ್ ಮ್ಯಾನೇಜರ್.

ನೀವು ಮಾರುತ್ತಿದ್ದ ಕಾರಿನಲ್ಲಿ ಪುಟ್ಟ ಎಂಜಿನ್ ಇತ್ತು, ಅದರ ಬಾಯಿಗೆ ಗಾಳಿ ತುರುಕುವ ಟರ್ಬೊ ಚಕ್ರವಿತ್ತು. ಮೆಲ್ಲಗೆ ಹೋದರೆ ಅದು ಸಣ್ಣ ಎಂಜಿನ್ನಿನಷ್ಟು ಕುಡಿಯುತ್ತಿತ್ತು, ತುಳಿದರೆ ದೊಡ್ಡದರಷ್ಟು. ಗಾಳಿಯಿಲ್ಲದ, ಬಿಸಿಲಿಲ್ಲದ ಕೋಣೆಯಲ್ಲಿ, ಉರುಳೆಗಳ ಮೇಲೆ ನಿಂತಲ್ಲೇ ಓಡಿಸಿ, ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಎಂದು ನಿಮ್ಮ ಕಂಪನಿ ಕಾಗದದ ಮೇಲೆ ಬರೆಯಿತು. ಹುಬ್ಬಳ್ಳಿಯ ಉಬ್ಬುಗಳ ಮೇಲೆ ಏಸಿ ಹಾಕಿಕೊಂಡು ಹೋಗುವವರು ಆ ಕಾಗದವನ್ನು ನಂಬಿದರು. ನಿಮ್ಮ ಪೀಳಿಗೆಯ ಬುದ್ಧಿ ಅಷ್ಟೇ ಇತ್ತು.

ಹಾಗೆ ನಂಬಿದವರಲ್ಲಿ ಒಬ್ಬಳು ನೀಲಗಂಗಾ ಬಳಿಗಾರ. ಲಕ್ಷ್ಮೇಶ್ವರದ ಸಣ್ಣ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು. ರಕ್ತ ಬೇಕಾದಾಗ ಹುಬ್ಬಳ್ಳಿಗೆ ಬಂದು, ಐಸ್ ಡಬ್ಬಿಯಲ್ಲಿಟ್ಟುಕೊಂಡು ತನ್ನದೇ ಕಾರಿನಲ್ಲಿ ಒಯ್ಯುತ್ತಿದ್ದಳು. ಆ ಮಧ್ಯಾಹ್ನ ಶಾಹೀನ್ ಎಂಬ ಇಪ್ಪತ್ತಮೂರರ ಹೆಂಗಸಿಗೆ ಹೆರಿಗೆಯಾಗಿ ರಕ್ತ ನಿಲ್ಲದಾಗಿತ್ತು. ನೀಲಗಂಗಾ ಲಾರಿಗಳನ್ನು ಹಿಂದೆ ಹಾಕುತ್ತ ಕುಂದಗೋಳಕ್ಕೆ ಬರುವಾಗ ಪೆಟ್ರೋಲ್ ದೀಪ ಹತ್ತಿತು. ಆಗ ಅವಳು ನಿಮಗೆ ಫೋನ್ ಮಾಡಿದಳು.

"ಸರ್, ದೀಪ ಹತ್ತೇತ್ರಿ. ಮೀಟರ್ ಇನ್ನೂ ನಲವತ್ತೈದು ಕಿಲೋಮೀಟರ್ ಅಂತ ತೋರಸಾಕತ್ತೈತಿ. ಇಲ್ಲಿ ಬಂಕಿನಾಗ ಭಾಳ ಗಾಡಿ ನಿಂತಾವ. ಡಬ್ಬ್ಯಾಗ ರಕ್ತ ಐತ್ರಿ. ಹಾಕಿಸಿಕೊಂಡ ಹೋಗ್ಲೋ, ಹಂಗ ಹೋಗ್ಲೋ?"

"ಮೇಡಂ, ಕಂಪನಿ ಮೀಟರ್ ಸುಳ್ಳ ಹೇಳತೈತೇನ್ರಿ? ಆರಾಮ ಮುಟ್ಟತೀರಿ. ಹೋಗ್ರಿ."

ನಿಮಗೆ ಇದಕ್ಕೆ ಹಿಡಿದದ್ದು ಒಂಬತ್ತು ಸೆಕೆಂಡು.

ಲಕ್ಷ್ಮೇಶ್ವರ ಇನ್ನೂ ಏಳು ಕಿಲೋಮೀಟರ್ ಇರುವಾಗ ಕಾರು ನಿಂತಿತು. ಅವಳು ಡಬ್ಬಿಯನ್ನು ಎದೆಗವಚಿಕೊಂಡು ಬಿಸಿಲಲ್ಲಿ ಓಡಿದಳು. ಎರಡು ಕಾರುಗಳು ನಿಲ್ಲಲಿಲ್ಲ. ಕಡೆಗೆ ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರೊಂದು ಹತ್ತಿಸಿಕೊಂಡಿತು. ಅವಳು ಆಸ್ಪತ್ರೆ ಮೆಟ್ಟಿಲು ಹತ್ತಿದಾಗ ಶಾಹೀನಳ ತಾಯಿ ಹೊರಗೆ ಕೂತಿದ್ದಳು, ತೊಡೆಯ ಮೇಲೆ ಕೂಸು ಮಲಗಿತ್ತು. "ಈಗ ಬಂದ್ಯಾ ಬೇಟಿ," ಎಂದಳಂತೆ, ಅಷ್ಟೇ. ಡಬ್ಬಿ ತೆರೆಯುವ ಅಗತ್ಯವಿರಲಿಲ್ಲ.

ಮೂರನೆಯ ದಿನ ನೀಲಗಂಗಾ ನಿಮ್ಮ ಅಂಗಡಿಗೆ ಬಂದಳು. ನೀವು ಚಹಾ ತರಿಸಿದಿರಿ. "ನಿಮ್ಮ ಕಾಲು ಭಾರ ಐತಿ ಮೇಡಂ, ಜೋರ ತುಳೀತೀರಿ, ಗಾಡಿದೇನೂ ತಪ್ಪಿಲ್ಲ," ಎಂದಿರಿ. ಗ್ರಾಹಕರ ನ್ಯಾಯಾಲಯಕ್ಕೆ ಅವಳು ಬರೆದುಕೊಟ್ಟ ಹೇಳಿಕೆಯಲ್ಲಿ ಈ ಮಾತಿದೆ. ತನ್ನ ಕಾಲಿನ ಮೇಲೆ ಅವಳಿಗೇ ಅನುಮಾನ ಬಂತಂತೆ. ಆರು ತಿಂಗಳು ಅದೇ ರಸ್ತೆಯಲ್ಲಿ, ಟ್ಯಾಂಕ್ ಬಾಯಿತನಕ ತುಂಬಿಸಿ, ಓಡಿಸಿ, ಮತ್ತೆ ಬಾಯಿತನಕ ತುಂಬಿಸಿ ಅಳೆದಳು. ಎಷ್ಟು ಮೆಲ್ಲಗೆ ಹೋದರೂ ಹದಿನೈದು ದಾಟಲಿಲ್ಲ. ಜೀವ ಉಳಿಸುವ ಅವಸರದಲ್ಲಿ ಹೋದರೆ ಹನ್ನೊಂದು.

ನೀವು ಕಟಕಟೆಯಲ್ಲಿ ನಿಂತು ಇಪ್ಪತ್ತು ಎಂದೇ ಸಾಕ್ಷಿ ಹೇಳಿದಿರಿ. ಅವಳು ಸೋತಳು. ಅದೇ ಸಂಜೆ ಅಂಗಡಿಯ ಫೋನಿನಿಂದ ನೀವು ಗೆಳೆಯನಿಗೆ ಮಾಡಿದ ಕರೆಯೂ ನಮ್ಮಲ್ಲಿದೆ: "ನನ್ನ ಗಾಡೀನೂ ಹನ್ನೆರಡ ಕೊಡತೈತಿ. ಕೋರ್ಟಿನಾಗ ಹಂಗ ಹೇಳಾಕ ಬರತೈತೇನಲೇ?" ಆಮೇಲೆ ನೀವು ನಕ್ಕಿರಿ. ಆ ನಗುವೂ ಅಪ್ಪನದೇ. ನಾನು ಕಿವಿಯಿಂದ ಯಂತ್ರ ಕಿತ್ತಿಟ್ಟು ಹೊರಗೆ ಹೋಗಿ ನಿಂತೆ.

ದಡ್ಡರನ್ನು ನಾನು ಕ್ಷಮಿಸಬಲ್ಲೆ, ಕೋಠಿಯ ತುಂಬ ಅವರೇ ಇದ್ದಾರೆ. ನೀವು ದಡ್ಡರಲ್ಲ. ನಿಮಗೆ ಗೊತ್ತಿತ್ತು.

ನೀಲಗಂಗಾ ಮುಂದೆ ಹತ್ತೊಂಬತ್ತು ವರ್ಷ ರಕ್ತ ಒಯ್ದಳು, ಅದೇ ರಸ್ತೆಯಲ್ಲಿ. ಶಾಹೀನಳ ಮಗಳನ್ನು ಶಾಲೆಗೆ ಬಿಡುತ್ತಿದ್ದವಳೂ ಅವಳೇ. ನೀವು ಬಡ್ತಿ ಪಡೆದು ಬೆಳಗಾವಿಗೆ ಹೋದಿರಿ. ನಮ್ಮ ಮನೆಯ ಫೋಟೋದಲ್ಲಿ ನಿಮ್ಮ ಕೊರಳಲ್ಲಿ ಹಾರವಿದೆ.

ನಮ್ಮ ಮನೆತನದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಹೀಗೆ ಒಂದು ತಲೆ ಬಿಟ್ಟು ಒಂದು ತಲೆಗೆ ನಿಮ್ಮ ಹೆಸರು ಇಳಿದು ಬಂದಿದೆ, ನನ್ನ ಅಪ್ಪನದೂ ಅದೇ. ನನಗೆ ಗಂಡು ಹುಟ್ಟಿ ಹನ್ನೆರಡು ದಿನವಾಯಿತು. ನಾಳೆ ತೊಟ್ಟಿಲಿಗೆ ಹಾಕುತ್ತೇವೆ. ನನ್ನ ತಂಗಿ ಬಗ್ಗಿ ಅವನ ಕಿವಿಯಲ್ಲಿ ನೀಲಗಂಗ ಎಂದು ಕೂಗುತ್ತಾಳೆ. ಗಂಡುಮಗುವಿಗೆ ಈ ಹೆಸರೇ ಎಂದು ಕೇಳುವವರಿಗೆ ಹೇಳಲು ಇಷ್ಟು ಬರೆದಿಟ್ಟಿದ್ದೇನೆ.

ಈಶಾನ ಮಟ್ಟಿ