ಒಂದೇ ಕಾರಿಗೆ ಎರಡು ಕಾಗದ

ಫೆಬ್ರವರಿ 10, ಮಂಗಳವಾರ. ಬೆಳಿಗ್ಗೆ 11

ಇವತ್ತೂ ಅದೇ ಕೆಲಸ. ಕಾರು ಒಂದೇ, ಗಿರಾಕಿಗಳಿಗೆ ಕಳಿಸುವ ಕಾಗದ ನಾಲ್ಕು ಥರ. ಡಾಕ್ಟರಿಗೆ ‘ನಿಮ್ಮ ಶ್ರಮಕ್ಕೆ ಸಲ್ಲಬೇಕಾದದ್ದು’. ಬಿಲ್ಡರಿಗೆ ‘ಊರಿಗೆಲ್ಲ ಇದೊಂದೇ’. ಅಪ್ಪಂದಿರಿಗೆ ಬ್ರೇಕು, ಏರ್‌ಬ್ಯಾಗು. ಹುಡುಗರಿಗೆ ‘ಅಂಜುವವರಿಗಲ್ಲ’. ಎಲ್ಲ ನನ್ನದೇ ಬರಹ. ಮ್ಯಾನೇಜರ್ ಪರೇಶ್ ಸರ್ ಮೆಚ್ಚಿದರು. ಈ ತಿಂಗಳು ಸೂರತ್‌ನಿಂದ ಒಂದು ಬುಕಿಂಗ್ ಬಂದರೆ ನೌಕರಿ ಕಾಯಂ. ಇಲ್ಲದಿದ್ದರೆ ಬೋಡಕ್‌ದೇವ್ ಬಡಾವಣೆಯ ಈ ಶೋರೂಮಿಗೆ ದೊಡ್ಡ ನಮಸ್ಕಾರ.

ಫೆಬ್ರವರಿ 17, ಮಂಗಳವಾರ

ಎಡವಟ್ಟಾಯಿತು. ಸೂರತ್‌ನ ಅಡಾಜಣ್ ಬಡಾವಣೆಯ ವಜ್ರದ ವ್ಯಾಪಾರಿ ಮನೆ. ಅಪ್ಪನಿಗೊಂದು ಕಾಗದ, ಮಗ ಧ್ರುವಿಲ್‌ಗೆ ಇನ್ನೊಂದು. ವಿಳಾಸ ಒಂದೇ, ಊಟದ ಮೇಜೂ ಒಂದೇ — ಹೊಳೆಯಲೇ ಇಲ್ಲ. ತಾಯಿ ಭಾನುಬೆನ್ ಎರಡನ್ನೂ ಓದಿ ಫೋನ್ ಮಾಡಿದರು.

“ಬೇಟಾ, ಇದು ಎರಡು ಗಾಡಿಯಾ, ಒಂದೇನಾ?”

“ಒಂದೇ, ಬೆನ್.”

“ಹುಡುಗನಿಗೆ ಹತ್ತೊಂಬತ್ತು. ಲೈಸೆನ್ಸ್ ಬಂದು ತಿಂಗಳಾಗಿಲ್ಲ. ಭಾನುವಾರ ಗಾಡಿ ತಗೊಂಡು ಬಾ. ಅವನ ಪಕ್ಕ ನೀನೇ ಕೂತ್ಕೋ. ಆಮೇಲೆ ಹೇಳು, ಯಾವ ಕಾಗದ ನಿಜ ಅಂತ.”

ಟೆಸ್ಟ್ ಡ್ರೈವ್ ಸಿಕ್ಕಿತೆಂದು ಪರೇಶ್ ಸರ್‌ಗೆ ಖುಷಿಯೋ ಖುಷಿ. “ಸುಮ್ನೆ ಸ್ಮೈಲ್ ಮಾಡ್ತಾ ಕೂರು ಅಪೂರ್ವ!”

ನಮ್ಮಪ್ಪನಿಗೆ ಹೇಳಿಲ್ಲ. ಬ್ಯಾಂಕಿನ ಮನುಷ್ಯ. ‘ಈ ನೌಕರಿ ಬೇಡ ಅಂತ ಆವತ್ತೇ ಬಡ್ಕೊಂಡೆ’ ಶುರುವಾಗುತ್ತದೆ.

ಫೆಬ್ರವರಿ 22, ಭಾನುವಾರ. ಸೂರತ್, ಮಧ್ಯಾಹ್ನ

ಡುಮಸ್ ರಸ್ತೆ, ಸ್ಟೀರಿಂಗ್ ಧ್ರುವಿಲ್ ಕೈಯಲ್ಲಿ. ಸ್ಪೀಡಿನ ಮುಳ್ಳು ನೂರೈವತ್ತು ದಾಟಿತು. “ಮೇಡಂ, ಹೆದರಿಕೆನಾ?” ನನ್ನತ್ತ ತಿರುಗಿ ಕೇಳಿದ. ಅಷ್ಟರಲ್ಲಿ ಎದುರಿಗೊಂದು ಎಮ್ಮೆ… ಚೀರಿದೆ. ಬ್ರೇಕ್ ಹಿಡಿಯಿತು. ಅಪ್ಪಂದಿರ ಕಾಗದದಲ್ಲಿ ಸುಳ್ಳಿರಲಿಲ್ಲ, ಸದ್ಯ. ಹುಡುಗ ನಗುತ್ತಿದ್ದ. ಅವನಿಗೆ ಒಂದು ಚೂರೂ ಭಯವಾಗಿರಲಿಲ್ಲ. ಅದೇ ನನಗೆ ಭಯ.

ಭಾನುಬೆನ್ ಗೇಟಿನಲ್ಲೇ ನಿಂತಿದ್ದರು. ಜೊತೆಗೆ ಬಂದಿದ್ದ ಪರೇಶ್ ಸರ್, ಬಾಯಿ ಬಿಡಬೇಡವೆಂದು ಕಣ್ಣಲ್ಲೇ ಗದರಿದರು.

“ಕೊಡಿಸಬೇಡಿ ಬೆನ್. ಗಾಡಿ ಒಳ್ಳೇದೇ. ಇವನಿಗೆ ಈಗಲೇ ಬೇಡ.”

ಹೇಳಿ ಮುಗಿಸುವಷ್ಟರಲ್ಲೇ ನೌಕರಿ ಹೋಯಿತೆಂದು ಗೊತ್ತಾಯಿತು.

ಫೆಬ್ರವರಿ 26, ಗುರುವಾರ. ಬೆಳಿಗ್ಗೆ 10.40

ಐಡಿ ಕಾರ್ಡ್ ಒಪ್ಪಿಸಿ ಮೂರು ದಿನ. ಸ್ಯಾಟಲೈಟ್ ಬಡಾವಣೆಯ ನಮ್ಮ ಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆ. ಭಾನುಬೆನ್ ಫೋನ್. ಬೇರೆ ಕಂಪನಿಯವರು ಧ್ರುವಿಲ್‌ಗೆ ಓಡಿಸಿ ನೋಡಲು ಗಾಡಿ ತಂದಿದ್ದಾರಂತೆ. ಇನ್ನೂ ಜೋರಾದದ್ದಂತೆ.

“ಹನ್ನೊಂದಕ್ಕೆ ಹೊರಡ್ತಾನೆ. ನನ್ನ ಮಾತು ಕೇಳಲ್ಲ. ನೀನು ಹೇಳು ಬೇಟಾ.”

ಭಯಪಡುವುದು ನಾಚಿಕೆಗೇಡು ಎಂದು ಅವನ ತಲೆಗೆ ತುಂಬಿದವಳೇ ನಾನು.

10.52. ಎರಡು ಸಲ ಕರೆ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಕಳಿಸಿದೆ: ‘ಆ ದಿನ ಸಾಯುತ್ತೇನೆ ಅಂದುಕೊಂಡಿದ್ದೆ, ಧ್ರುವಿಲ್. ದಯವಿಟ್ಟು ಹೋಗಬೇಡ.’

10.57. ನೀಲಿ ಗೆರೆ ಬಂತು. ಓದಿದ. ಏನೋ ಟೈಪ್ ಮಾಡುತ್ತಿದ್ದಾನೆ… ನಿಲ್ಲಿಸಿದ. ಮತ್ತೆ ಮಾಡುತ್ತಿದ್ದಾನೆ. 10.59. ಉತ್ತರ ಬಂತು: ‘ಸರಿ ಮೇಡಂ, ಹೋಗಲ್ಲ.’